ರಬ್ಬರ್ ಅಂದರೆ ಯಾವುದು

ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಆಗುತ್ತಿದ್ದ ಹಾಗೆ ನಮ್ಮ ಬೀದಿಯ ಹೆಂಗಸರು ತಂತಿಯ ಮೇಲಿನ ಬಟ್ಟೆಗಳನ್ನು ಎಳೆದುಕೊಂಡು ಒಳಗೆ ಓಡುತ್ತಿದ್ದರು. ಮಳೆಗೆ ಹೆದರಿ ಅಲ್ಲ. ಶಾಲೆಯ ಹಿಂದಿನ ಗುಂಡಿಗೆ ಅಟಾ ಸೋವಾ ಬೆಂಕಿ ಹಾಕುವ ಹೊತ್ತು ಅದು.

ಅಟಾ ಸೋವಾ ನಮ್ಮ ಸರಕಾರಿ ಶಾಲೆಯ ಕಾವಲುಗಾರರು. ಅಟಾ ಅಂದರೆ ಅಪ್ಪ. ಊರಿಗೆಲ್ಲ ಅವರು ಅಟಾ. ಶಾಲೆಯಲ್ಲಿ ಆರುನೂರು ಮಕ್ಕಳು. ಅಕ್ರಾ ನಗರದ ಕಡಲ ಬದಿಯ ಬಿಸಿಲಿಗೆ ಒಂದೊಂದು ಮಗುವೂ ದಿನಕ್ಕೆ ಎರಡಾದರೂ ನೀರಿನ ಪ್ಯಾಕೆಟ್ ಕುಡಿಯುತ್ತದೆ. ಹಲ್ಲಿನಲ್ಲಿ ಮೂಲೆ ಕಚ್ಚಿ, ನೀರು ಹೀರಿ, ಖಾಲಿ ಪ್ಯಾಕೆಟ್ಟನ್ನು ನಿಂತಲ್ಲೇ ಬಿಡುತ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಮಕ್ಕಳೇ ಅಂಗಳ ಗುಡಿಸಿ ಎಲ್ಲವನ್ನೂ ಗುಂಡಿಗೆ ಸುರಿಯುತ್ತಾರೆ. ವಾರದ ಕೊನೆಗೆ ಬೆಂಕಿ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು.

ಆ ಗುಂಡಿ ಇದ್ದದ್ದು ಆರನೇ ತರಗತಿಯ ಕಿಟಕಿಯ ಕೆಳಗೆ. ನನ್ನ ಮಗಳು ಡ್ರೋಮೋ ಆರನೇ ತರಗತಿ. ಅವಳಿಗೆ ಉಬ್ಬಸ.

ಜನವರಿಯಲ್ಲಿ ಉತ್ತರದ ಧೂಳುಗಾಳಿ ಬೀಸಲು ಶುರುವಾದ ಮೇಲೆ ಪ್ರತಿ ಶುಕ್ರವಾರ ಸಂಜೆ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗುವುದೇ ಆಯಿತು. ಹನ್ನೊಂದು ವರ್ಷದ ಹುಡುಗಿಯನ್ನು ಎತ್ತಿಕೊಳ್ಳಬಾರದು, ನಡೆಸಬೇಕು. ಆದರೆ ನಡೆದರೆ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಮೂರನೇ ಸಲ ಹೋದಾಗ ನರ್ಸಮ್ಮ ಕೇಳಿದರು, “ಎಲ್ಲಾ ಶುಕ್ರವಾರನೇ ಯಾಕೆ ಬರ್ತೀರಿ?” ನಾನು ಹೊಗೆಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ನೋಡಿ, ಔಷಧಿ ನಾನು ಕೊಡ್ತೀನಿ. ದಿನಾ ತಪ್ಪದೆ ತಗೊಳ್ಳಲಿ. ಆದ್ರೆ ವಾರ ವಾರ ಈ ಹೊಗೆ ಎದೆ ಒಳಗೆ ಹೋದ್ರೆ ಔಷಧಿ ಒಂದೇ ಏನು ಮಾಡತ್ತೆ? ಮಗೂನ ಹೊಗೆಯಿಂದ ದೂರ ಇಡಿ.”

ನನ್ನ ಗಂಡ ನೋರ್ಟೆ ಬಾಡಿಗೆ ವ್ಯಾನ್ ಓಡಿಸುತ್ತಾನೆ. ದೂರ ಇಡಿ ಎಂದರೆ ಅವನಿಗೆ ಅರ್ಥವಾದದ್ದು ಒಂದೇ. “ಈ ಟರ್ಮ್ ಮುಗೀಲಿ. ಆಡಾ ಊರಲ್ಲಿ ನನ್ನ ಅಕ್ಕನ ಮನೇಲಿ ಬಿಡೋಣ. ಅಲ್ಲಿ ಗಾಳಿ ಚೆನ್ನಾಗಿದೆ.”

ಡ್ರೋಮೋ ಊಟದ ಬಟ್ಟಲಿನಿಂದ ತಲೆ ಎತ್ತಲಿಲ್ಲ. “ಅಲ್ಲಿ ನೀವಿಬ್ರೂ ಇರಲ್ವಲ್ಲ” ಅಂದಳು, ಅಷ್ಟೇ.

ನನಗೂ ಮಗಳನ್ನು ಕಳಿಸುವ ಮನಸ್ಸಿರಲಿಲ್ಲ. ಆದರೆ ಉಳಿಸಿಕೊಳ್ಳುವುದು ಹೇಗೆ ಎಂದು ಗೊತ್ತಿರಲಿಲ್ಲ.

ಶಾಲೆಯ ಗೇಟಿನ ಎದುರಿಗೇ ನನ್ನ ಅಂಗಡಿ. ಅಂಗಡಿ ಎಂದರೆ ಒಂದು ಮೇಜು, ಒಂದು ಕೊಡೆ. ಬೇಯಿಸಿದ ಅಲಸಂದೆ ಕಾಳು, ಮೇಲೆ ಗಾರಿ, ಅಂದರೆ ಹುರಿದ ಮರಗೆಣಸಿನ ತರಿ, ಉದುರಿಸಿ, ತಾಳೆ ಎಣ್ಣೆ ಹಾಕಿ, ಎರಡು ಹೋಳು ಕರಿದ ಬಾಳೆಹಣ್ಣು ಇಟ್ಟು ತೆಳು ಚೀಲದಲ್ಲಿ ಗಂಟು ಹಾಕಿ ಕೊಡುತ್ತೇನೆ. ಬಿಡುವಿನಲ್ಲಿ ಅರ್ಧ ಶಾಲೆ ನನ್ನ ಮೇಜಿನ ಸುತ್ತ ಇರುತ್ತದೆ. ಒಂದು ದಿನ ಆರನೇ ತರಗತಿಯ ಸೆಲಾಸಿ ಮೇಡಂ ಮಕ್ಕಳೆಲ್ಲ ಒಳಗೆ ಹೋದ ಮೇಲೆ ಬಂದು ನನ್ನ ಸ್ಟೂಲಿನ ಮೇಲೆ ಕುಳಿತರು.

“ಡ್ರೋಮೋ ಅಮ್ಮ, ಹೊಗೆ ನಿಲ್ಲಿಸೋಕೆ ಒಂದು ದಾರಿ ಇದೆ. ಸುಡೋದು ಬೇಡ ಅಂದ್ರೆ ಗುಂಡಿಗೆ ಹಾಕೋದೇ ಬೇಡ. ಖಾಲಿ ಪ್ಯಾಕೆಟ್ಟನ್ನ ಮಕ್ಕಳು ಚೀಲದಲ್ಲಿ ಕೂಡಿಸಲಿ. ಗುಜರಿಯವರು ಒಯ್ತಾರೆ. ಅದನ್ನ ಕರಗಿಸಿ ಬಕೆಟ್ಟು, ಕುರ್ಚಿ ಮಾಡ್ತಾರೆ. ಪೋಷಕರ ಸಭೇಲಿ ನೀವು ಒಂದು ಮಾತು ಹೇಳಿ.”

ನಾನು ಸೌಟು ತೊಳೆಯುತ್ತಲೇ ಇದ್ದೆ. “ಮೇಡಂ, ಬೇಜಾರು ಮಾಡ್ಕೋಬೇಡಿ. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಾಳು ಬೇಯಿಸೋದು ನನ್ನ ಮಗಳು ಓದಲಿ ಅಂತ. ಬೋಲಾ ಆಯಲಿ ಅಂತ ಅಲ್ಲ.”

ಬೋಲಾ ಎಂದರೆ ನಮ್ಮಲ್ಲಿ ಕಸ. ಕಸ ಒಯ್ಯುವ ಮನುಷ್ಯರನ್ನೂ ಹಾಗೇ ಕೂಗುತ್ತಾರೆ. ಮಕ್ಕಳ ಜಗಳದಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ.

“ಈಗ ಮಾತ್ರ ಯಾರು ಗುಡಿಸ್ತಿದಾರೆ?” ಮೇಡಂ ಕೇಳಿದರು. “ನಿಮ್ಮ ಮಗಳೇ ಅಲ್ವಾ? ಬೆಳಿಗ್ಗೆ ಗುಡಿಸ್ತಾಳೆ, ಗುಂಡಿಗೆ ಹಾಕ್ತಾಳೆ, ಶುಕ್ರವಾರ ಅದನ್ನೇ ಉಸಿರಾಡ್ತಾಳೆ. ನಾನು ಬದಲು ಮಾಡಿ ಅಂತಿರೋದು ಆ ಕೊನೇದನ್ನ ಮಾತ್ರ.”

ನನಗೆ ಸಿಟ್ಟು ಬಂತು. ಆದರೂ ಅವರಿಗೆ ಒಂದು ಹೋಳು ಬಾಳೆಹಣ್ಣು ಕೊಟ್ಟು ಕಳಿಸಿದೆ. ಸಭೆಗೆ ಹೋದೆ. ಮಾತಾಡಲಿಲ್ಲ, ಮೇಡಂ ಈ ಯೋಜನೆ ಹೇಳಿದಾಗ ಒಪ್ಪಿಗೆ ಎಂದು ಕೈ ಮಾತ್ರ ಎತ್ತಿದೆ.

ಮುಖ್ಯೋಪಾಧ್ಯಾಯಿನಿ ಒಂದು ತಿಂಗಳ ಅವಕಾಶ ಕೊಟ್ಟರು. ಅಷ್ಟರಲ್ಲಿ ಚೀಲಗಳು ಶಾಲೆಯಿಂದ ಹೊರಗೆ ಹೋದರೆ ಸರಿ, ಇಲ್ಲವಾದರೆ ಮತ್ತೆ ಗುಂಡಿಗೇ. “ಇಲಿ ಸಾಕೋಕೆ ನನ್ನ ಹತ್ರ ಜಾಗ ಇಲ್ಲ” ಅಂದರು. ಅಡುಗೆ ಶೆಡ್ಡಿನ ಪಕ್ಕ ಮೂರು ಗೋಣಿಚೀಲ ಕಟ್ಟಿದರು. ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ ಬರೆದರು: ಪ್ಯಾಕೆಟ್, ಬಾಟಲಿ, ಕಾಗದ. ಮನೆಮನೆಗೂ ಚೀಟಿ ಹೋಯಿತು. “ಮನೆಯಲ್ಲಿರುವ ರಬ್ಬರನ್ನೂ ಮಕ್ಕಳ ಕೈಯಲ್ಲಿ ಕಳಿಸಿ.”

ಎಡವಟ್ಟಾದದ್ದು ಅಲ್ಲೇ. ನಮ್ಮ ಕಡೆ ಪ್ಲಾಸ್ಟಿಕ್ ಎಂದು ಯಾರೂ ಹೇಳುವುದಿಲ್ಲ. ನೀರಿನ ಪ್ಯಾಕೆಟ್ ರಬ್ಬರ್, ಮೀನು ಕಟ್ಟುವ ಕಪ್ಪು ಚೀಲ ರಬ್ಬರ್, ಬಕೆಟ್ಟಿನ ಮುಚ್ಚಳ ರಬ್ಬರ್. ಚಪ್ಪಲಿ ಹೇಗೂ ರಬ್ಬರೇ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಮಕ್ಕಳ ಮೆರವಣಿಗೆ ನೋಡಬೇಕಿತ್ತು. ಒಬ್ಬಳು ಅಜ್ಜಿಯ ಹರಿದ ಚಪ್ಪಲಿ ತಂದಳು. ಒಬ್ಬ ಸೈಕಲ್ ಟ್ಯೂಬನ್ನು ಕೊರಳಿಗೆ ಹಾಕಿಕೊಂಡು ಬಂದ. ಕಾಲಿಲ್ಲದ ಗೊಂಬೆ, ಹಲ್ಲು ಹೋದ ಬಾಚಣಿಗೆ, ಒಂದು ನಲ್ಲಿ ಕೊಳವೆ. ನಾನೂ ಮನೆಯಲ್ಲಿದ್ದ ಒಡೆದ ಜರಡಿ ಕಳಿಸಿದೆ. ಹೇಗೂ ಎಸೆಯುವುದೇ ಇತ್ತು.

ಅಟಾ ಸೋವಾ ಗೇಟಿಗೆ ಒರಗಿ ನಿಂತು ನೋಡುತ್ತಿದ್ದರು. “ನಮ್ಮ ಮನೇಲಿ ನನ್ನ ಹೆಂಡ್ತಿ ಅತ್ತಿಗೆ ಒಬ್ಳಿದಾಳೆ, ಮಾತನ್ನ ರಬ್ಬರ್ ಹಾಗೆ ಎಷ್ಟು ಬೇಕಾದ್ರೂ ಎಳೀತಾಳೆ. ಅವಳನ್ನೂ ಕಳಿಸ್ಲಾ, ಮೇಡಂ?”

ಮೂರು ವಾರದಲ್ಲಿ ಮೂರು ಚೀಲ ಹೋಗಿ ಒಂಬತ್ತಾದವು. ಆ ಮೂರು ಶುಕ್ರವಾರ ಹೊಗೆ ಏಳಲಿಲ್ಲ. ಡ್ರೋಮೋ ಆಸ್ಪತ್ರೆಗೆ ಹೋಗಲಿಲ್ಲ. ಗಾಳಿ ಬದಲಾದದ್ದಕ್ಕೆ ಹಾಗೆ ಎಂದು ನಾನು ಅಂದುಕೊಂಡೆ. ಒಳ್ಳೆಯದಾಯಿತು ಎಂದು ಒಪ್ಪಿಕೊಳ್ಳಲೂ ಹೆದರಿಕೆ ಆಗುವ ಕಾಲವಿರುತ್ತದೆ.

ನಾಲ್ಕನೇ ವಾರದ ಸೋಮವಾರ ಗುಜರಿಯ ಮೆಮುನಾ ತನ್ನ ಮೂರು ಚಕ್ರದ ಗಾಡಿ ತಂದಳು. ಉತ್ತರದ ಕಡೆಯವಳು, ತಲೆಗೆ ಹಸಿರು ಬಟ್ಟೆ. ನಮ್ಮ ಬೀದಿಯ ಮಕ್ಕಳು ಅವಳ ಹಿಂದೆ ಬೋಲಾ ಬೋಲಾ ಎಂದು ಕೂಗುತ್ತಾ ಓಡುತ್ತಿದ್ದರು. ನಾನು ಯಾವತ್ತೂ ಬೇಡ ಎಂದಿರಲಿಲ್ಲ.

ಅವಳು ಪ್ಯಾಕೆಟ್ ಚೀಲವೊಂದನ್ನು ಬಿಚ್ಚಿ ಕೈ ಹಾಕಿದಳು. ಮೊದಲು ಚಪ್ಪಲಿ ಬಂತು. ಆಮೇಲೆ ನನ್ನ ಜರಡಿ. ಆಮೇಲೆ ಒದ್ದೆ ಕಾಗದ. ಕೊನೆಗೆ ಎರಡು ಬೆರಳಲ್ಲಿ ಒಂದು ತೆಳು ಚೀಲ ಎತ್ತಿ ಮೂಗಿನ ಹತ್ತಿರ ಹಿಡಿದಳು. ಅದರ ತುಂಬ ಕೆಂಪು ಎಣ್ಣೆ, ಅಲಸಂದೆಯ ಸಿಪ್ಪೆ.

“ಇದು ಯಾರ ಅಂಗಡೀದು?” ಅಂದಳು.

ಮೇಡಂ ನೆಲ ನೋಡಿದರು. ಮಕ್ಕಳೆಲ್ಲ ನನ್ನನ್ನು ನೋಡಿದರು.

“ನಂದು” ಅಂದೆ.

“ಊಟ ಚೆನ್ನಾಗಿರಬೇಕು ಆಂಟಿ, ವಾಸನೆ ಚೆನ್ನಾಗಿದೆ. ಆದ್ರೆ ಇಂಥದು ನಾಲ್ಕು ಸೇರಿದ್ರೆ ಇಡೀ ಚೀಲಕ್ಕೆ ಎಣ್ಣೆ ಹತ್ತತ್ತೆ. ನಾನು ಕೊಡೋ ಕಡೆ ಅವರು ವಾಪಸ್ ಎಸೀತಾರೆ. ಇದ್ಯಾವುದನ್ನೂ ನಾನು ಒಯ್ಯಲ್ಲ.”

“ಒಂದು ಚೀಲ ಆದ್ರೂ?” ಮೇಡಂ ಕೇಳಿದರು.

“ಮೇಡಂ, ನೀವು ಅನ್ನದಲ್ಲಿ ಕಲ್ಲು ಆರಿಸಿ ತಿಂತೀರಿ. ಕಲ್ಲಲ್ಲಿ ಅನ್ನ ಆರಿಸಿ ತಿಂತೀರಾ?” ಗಾಡಿ ಹತ್ತಿ ಹೋಗಿಯೇ ಬಿಟ್ಟಳು.

ಮುಖ್ಯೋಪಾಧ್ಯಾಯಿನಿ ಕೋಪಿಸಿಕೊಳ್ಳಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. “ಶುಕ್ರವಾರದೊಳಗೆ ಇದು ಹೋಗಬೇಕು, ಸೆಲಾಸಿ. ಇಲ್ಲಾಂದ್ರೆ ಅಟಾಗೆ ಹೇಳ್ತೀನಿ.”

ಒಂಬತ್ತು ಚೀಲ. ಒಂದು ತಿಂಗಳ ಕಸ ಒಂದೇ ಬೆಂಕಿಗೆ. ಚಪ್ಪಲಿ, ಟ್ಯೂಬು ಎಲ್ಲ ಸೇರಿ. ಮೊದಲು ವಾರಕ್ಕೊಂದು ಗುಂಡಿಯ ಹೊಗೆಗೇ ನನ್ನ ಮಗಳು ನಡೆಯಲಾರದವಳಾಗಿದ್ದಳು. ಆ ರಾತ್ರಿ ನೋರ್ಟೆ ಅಕ್ಕನಿಗೆ ಫೋನ್ ಮಾಡಿದ. ಟರ್ಮ್ ಮುಗಿಯುವವರೆಗೂ ಕಾಯುವುದು ಬೇಡ, ಶನಿವಾರವೇ ಕರೆದುಕೊಂಡು ಬರುತ್ತೇನೆ ಎಂದ. ಡ್ರೋಮೋ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಮಂಗಳವಾರ ನಾನು ಅಂಗಡಿ ಇಡಲಿಲ್ಲ. ನನ್ನ ಸ್ಟೂಲು ಎತ್ತಿಕೊಂಡು ನೇರ ಗುಜರಿ ಅಂಗಳಕ್ಕೆ, ಮೆಮುನಾ ಹತ್ತಿರ ಹೋದೆ.

“ಬೈಯೋಕೆ ಬಂದ್ರಾ, ಆಂಟಿ?”

“ಕಲಿಯೋಕೆ ಬಂದೆ. ನಿನಗೆ ಯಾವುದು ಬೇಕು, ಹೇಗಿದ್ರೆ ಬೇಕು, ತೋರಿಸು.”

ಹೀಗೆ ಯಾರೂ ಅವಳನ್ನು ಕೇಳಿರಲಿಲ್ಲವೇನೋ. ಅವಳು ಒಂದು ಖಾಲಿ ಪ್ಯಾಕೆಟ್ ಎತ್ತಿಕೊಂಡಳು.

“ನೀರಿನ ಪ್ಯಾಕೆಟ್ ಒಂದು ಚೀಲ. ಅದಕ್ಕೆ ಬೇರೆ ಏನೂ ಬೀಳಬಾರದು. ಒಳಗೆ ನೀರು ಉಳಿದಿದ್ರೆ ಕೊಳೆಯತ್ತೆ, ಅದಕ್ಕೆ ಹೀಗೆ ತಲೆಕೆಳಗೆ ಹಿಡಿದು ಕೊಡವಿ. ಬಿಸಿಲಲ್ಲಿ ಅರ್ಧ ದಿನ ಬಿಡಿ. ಬಾಟಲಿ ಬೇರೆ ಚೀಲ, ತುಳಿದು ಚಪ್ಪಟೆ ಮಾಡಿ. ಕಾಗದ ಒಣಗಿರಲಿ. ಊಟ ಕಟ್ಟಿದ್ದು, ಕಪ್ಪು ಚೀಲ, ಚಪ್ಪಲಿ ನನಗೆ ಬೇಡ. ಇಷ್ಟೇ ಪಾಠ.”

“ಇಷ್ಟನ್ನ ಮೊದಲೇ ಹೇಳಬಾರದಿತ್ತಾ?”

“ಮೊದಲು ನೀವು ಕೇಳಬಾರದಿತ್ತಾ?” ಅಂದಳು. ಇಬ್ಬರಿಗೂ ನಗು ಬಂತು.

ಆ ಮಧ್ಯಾಹ್ನವೇ ಆರನೇ ತರಗತಿಯ ಮಕ್ಕಳ ಎಂಟು ತಾಯಂದಿರು ಅಡುಗೆ ಶೆಡ್ಡಿನ ನೆರಳಲ್ಲಿ ಕೂತೆವು. ಕೈಗೆ ಹಳೆಯ ಬಟ್ಟೆ ಸುತ್ತಿಕೊಂಡು ಒಂಬತ್ತು ಚೀಲ ಸುರಿದು ಆರಿಸತೊಡಗಿದೆವು. ಸೆಲಾಸಿ ಮೇಡಂ ಉಡುಪಿನ ತೋಳು ಮಡಚಿ ನಮ್ಮ ನಡುವೆ ಕೂತರು. ಉಬ್ಬಸದ ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಂಡೆವು, ಧೂಳು ಏಳುತ್ತಿತ್ತು. ಅಟಾ ಸೋವಾ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

“ಎಂಟು ಜನ ಹೆಂಗಸರು, ಒಬ್ಳು ಮೇಡಂ. ಒಂದು ಬೆಂಕಿಕಡ್ಡಿ ಕೆಲಸಕ್ಕೆ” ಅಂದರು.

“ನಿಂತು ಮಾತಾಡೋಕಿಂತ ಈ ಬಾಟಲೀನ ಆ ಚೀಲಕ್ಕೆ ಹಾಕಿ ಅಟಾ” ಎಂದು ಎರಡು ಬಾಟಲಿ ಕೊಟ್ಟೆ.

ಅವರು ಕಾಗದದ ಚೀಲಕ್ಕೆ ಹಾಕಿದರು.

“ಅದಲ್ಲ, ಅಟಾ. ಪಕ್ಕದ್ದು. ಮೇಲೆ ಬರೆದಿದೆಯಲ್ಲ.”

ಅಟಾ ಚೀಲದ ಮೇಲಿನ ಅಕ್ಷರಗಳನ್ನೇ ನೋಡಿದರು. ದನಿ ಇಳಿಸಿ ಹೇಳಿದರು, “ಬರೆದಿದೆ ಅಂತ ನಂಗೂ ಕಾಣತ್ತೆ ಮಗಳೇ. ಏನು ಬರೆದಿದೆ ಅಂತ ಕಾಣಲ್ಲ.”

ನಮಗೆ ಆಗ ಹೊಳೆಯಿತು. ಮೂರು ವಾರ ದಿನವೂ ಸಂಜೆ ಅಂಗಳದಲ್ಲಿ ಉಳಿದದ್ದನ್ನು ಬಾಚಿ ಚೀಲಕ್ಕೆ ತುಂಬಿದವರು ಅಟಾ. ಯಾವುದು ಖಾಲಿ ಇತ್ತೋ ಅದಕ್ಕೆ ಹಾಕಿದ್ದರು. ಒಂದನೇ ತರಗತಿಯ ಮಕ್ಕಳದ್ದೂ ಅದೇ ಕಥೆ. ಅವರಿಗಿನ್ನೂ ಓದಲು ಬರುವುದಿಲ್ಲ. ಶಾಲೆಯಲ್ಲವೇ ಎಂದು ನಾವು ಅಕ್ಷರ ಬರೆದು ಸುಮ್ಮನಾಗಿದ್ದೆವು.

ಸೆಲಾಸಿ ಮೇಡಂ ಎದ್ದು ತಮ್ಮ ಪರ್ಸಿನಿಂದ ಪಿನ್ನು ತೆಗೆದರು. ಮೊದಲ ಚೀಲಕ್ಕೆ ಒಂದು ಖಾಲಿ ನೀರಿನ ಪ್ಯಾಕೆಟ್ ಚುಚ್ಚಿದರು. ಎರಡನೆಯದಕ್ಕೆ ಒಂದು ಚಪ್ಪಟೆ ಬಾಟಲಿಯನ್ನು ದಾರದಲ್ಲಿ ಕಟ್ಟಿದರು. ಮೂರನೆಯದಕ್ಕೆ ನೋಟ್‌ಬುಕ್ಕಿನ ಒಂದು ಹಾಳೆ. “ಈಗ ಹೇಗೆ, ಅಟಾ?”

ಅಟಾ ಮೂರನ್ನೂ ಮುಟ್ಟಿ ನೋಡಿದರು. “ಈಗ ಸರಿ. ಇನ್ನು ತಪ್ಪು ಹಾಕಿದೋರ ಕಿವಿ ನಾನು ನೋಡ್ಕೋತೀನಿ.” ಬಾಟಲಿಗಳನ್ನು ತೆಗೆದು ಸರಿಯಾದ ಚೀಲಕ್ಕೆ ಹಾಕಿ, ನಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ರಬ್ಬರ್ ಎಂಬ ಮಾತನ್ನು ಅವತ್ತಿನಿಂದ ಶಾಲೆಯಲ್ಲಿ ಯಾರೂ ಬಳಸಲಿಲ್ಲ. ಪ್ಯಾಕೆಟ್ ಬೇಕಾದರೆ ಪ್ಯಾಕೆಟ್ ಎಂದೇ ಹೇಳಿದರು.

ನನ್ನ ಮೇಜಿನ ವಿಷಯ ನಾನೇ ನೋಡಿಕೊಂಡೆ. ಬುಧವಾರದಿಂದ ಚೀಲದಲ್ಲಿ ಕಟ್ಟುವುದನ್ನು ಬಿಟ್ಟೆ. ನನ್ನ ಅಜ್ಜಿ ಮಾರುತ್ತಿದ್ದ ಹಾಗೆ ಅಗಲ ಎಲೆಯಲ್ಲಿ ಕೊಟ್ಟೆ. ಬಟ್ಟಲು ತಂದ ಮಗುವಿಗೆ ಒಂದು ಹೋಳು ಬಾಳೆಹಣ್ಣು ಹೆಚ್ಚು. ಗುರುವಾರ ಎಷ್ಟು ಬಟ್ಟಲು ಬಂದವು ಎಂದರೆ ಹಣ್ಣು ಹತ್ತೂವರೆಗೇ ಮುಗಿಯಿತು.

ಶುಕ್ರವಾರ ಹನ್ನೆರಡಕ್ಕೆ, ನಾನು ಕರೆದಿದ್ದಕ್ಕೆ, ಮೆಮುನಾ ಬಂದಳು. ತೋಳನ್ನು ಭುಜದವರೆಗೆ ಚೀಲದೊಳಗೆ ಇಳಿಸಿ ತಳದಿಂದ ಒಂದು ಹಿಡಿ ತೆಗೆದಳು. ಹಿಂಡಿದಳು. ನೀರಿಲ್ಲ. ಮೂಸಿದಳು. ಎರಡನೇ ಚೀಲ, ಮೂರನೇ ಚೀಲ. ನಾಲ್ಕನೆಯದರಲ್ಲಿ ಅವಳ ಕೈ ನಿಂತಿತು. ಹೊರಗೆ ಬಂದದ್ದು ಕೆಂಪು ಎಣ್ಣೆಯ ಒಂದು ತೆಳು ಚೀಲ. ನಮ್ಮೆಲ್ಲರ ಕಣ್ಣು ತಪ್ಪಿಸಿಕೊಂಡು ಉಳಿದದ್ದು.

ಅವಳು ಅದನ್ನು ನನ್ನ ಕೈಗೆ ಕೊಟ್ಟಳು. “ಒಂದಾದ್ರೆ ಪರವಾಗಿಲ್ಲ, ಆಂಟಿ. ಅನ್ನದಲ್ಲಿ ಕಲ್ಲು. ತಗೊಳ್ಳಿ.” ಚೀಲದ ಬಾಯಿ ಕಟ್ಟಿ ಗಾಡಿಗೆ ಎಸೆದಳು. ಅಟಾ ಸೋವಾ ಉಳಿದವನ್ನು ಒಂದೊಂದಾಗಿ ಎತ್ತಿಕೊಟ್ಟರು. ಮುಂದಿನ ತಿಂಗಳಿನಿಂದ ಹದಿನೈದು ದಿನಕ್ಕೊಮ್ಮೆ ಬರುತ್ತೇನೆ ಎಂದು ಅವಳು ಮುಖ್ಯೋಪಾಧ್ಯಾಯಿನಿಗೆ ಹೇಳಿದಳು. ಹುಡುಗನೊಬ್ಬ ಅಭ್ಯಾಸಬಲದಿಂದ “ಬೋಲಾ” ಎಂದು ಕೂಗಿದ. ಅಟಾ ಅವನ ಕಡೆ ತಿರುಗಿ, “ಅವಳ ಹೆಸರು ಮೆಮುನಾ. ಆಂಟಿ ಅನ್ನು” ಅಂದರು. ಅವನು ಅಂದ.

ಎಲ್ಲವನ್ನೂ ಅವಳು ಒಯ್ಯಲಿಲ್ಲ ಎಂದೂ ಹೇಳಬೇಕು. ಚಪ್ಪಲಿ, ಕಪ್ಪು ಚೀಲ, ಎಣ್ಣೆಯ ಚೀಲಗಳು ಎರಡು ಬುಟ್ಟಿ ಉಳಿದವು. ಅವನ್ನು ರಸ್ತೆ ಬದಿಯ ನಗರಸಭೆಯ ದೊಡ್ಡ ತೊಟ್ಟಿಗೆ ಒಯ್ದು ಹಾಕಿದೆವು. ಎಲೆ, ಸಿಪ್ಪೆ, ಉಳಿದ ಊಟ ಈಗ ಶಾಲೆಯ ಮೆಣಸಿನ ತೋಟದ ಗೊಬ್ಬರದ ಗುಂಡಿಗೆ. ಸುಡಲು ಏನೂ ಉಳಿಯಲಿಲ್ಲ.

ಎರಡು ಗಂಟೆಗೆ ನಾನು ಶಾಲೆಯ ಹಿಂದೆ ಹೋದೆ. ಆರನೇ ತರಗತಿಯ ಕಿಟಕಿಗಳೆಲ್ಲ ತೆರೆದಿದ್ದವು. ಒಳಗೆ ಮಕ್ಕಳು ಒಟ್ಟಿಗೆ ಪಾಠ ಓದುತ್ತಿದ್ದರು. ಆ ಗದ್ದಲದಲ್ಲಿ ನನ್ನ ಮಗಳ ದನಿ ಬೇರೆಯಾಗಿ ಕೇಳಲಿಲ್ಲ. ಉಳಿದವರಷ್ಟೇ ಗಟ್ಟಿಯಾಗಿ, ನಡುವೆ ಉಸಿರಿಗೆ ನಿಲ್ಲದೆ ಅವಳೂ ಓದುತ್ತಿದ್ದಳು. ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕುಳಿತೆ. ಎಷ್ಟು ದಿನದಿಂದ ಭುಜ ಬಿಗಿಹಿಡಿದಿದ್ದೆ ಎಂದು ಅದು ಸಡಿಲವಾದಾಗ ಗೊತ್ತಾಯಿತು.

ಶನಿವಾರ ನೋರ್ಟೆ ಆಡಾಕ್ಕೆ ಹೋಗಲಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದ. ತಿಂಗಳಾದ ಮೇಲೆ ನರ್ಸಮ್ಮ ಡ್ರೋಮೋಳ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. “ಔಷಧಿ ನಿಲ್ಲಿಸಬೇಡಿ. ಆದ್ರೆ ಈ ಎದೆ ಈಗ ನನ್ನ ಮಾತು ಕೇಳ್ತಿದೆ” ಅಂದರು.

ಮನೆಗೆ ಬರುವಾಗ ವ್ಯಾನಿನಲ್ಲಿ ನೋರ್ಟೆ ಹೇಳಿದ, “ಅಕ್ಕಂಗೆ ಹೇಳಿದೀನಿ. ರಜೆಗೆ ಬರ್ತಾಳೆ ಅಂತ.”

“ರಜೆಗೆ ಮಾತ್ರನಾ?” ಡ್ರೋಮೋ ಕೇಳಿದಳು.

“ರಜೆಗೆ ಮಾತ್ರ.”

ವ್ಯಾನ್ ನಿಂತ ಕೂಡಲೇ ಅವಳು ಅದರ ಮೆಟ್ಟಿಲಿನಿಂದ ಜಿಗಿದು ಮನೆಯವರೆಗೂ ಓಡಿದಳು. ನಾವಿಬ್ಬರೂ ನಿಲ್ಲು ಎನ್ನಲಿಲ್ಲ.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮಗೂ ದುಡಿಮೆಯ ನಡುವೆ ಪುರುಸೊತ್ತಿಲ್ಲ ಎಂದು ನನಗೆ ಗೊತ್ತು. ಆದರೂ ಒಂದು ದಿನ ನಿಮ್ಮ ಮಗುವಿನ ಶಾಲೆಯ ಹಿಂದೆ ಹೋಗಿ ನೋಡಿ. ಅಲ್ಲಿ ಕರಿ ಹಿಡಿದ ಗುಂಡಿ ಇದ್ದರೆ, ಚೀಲ ಕಟ್ಟುವ ಮೊದಲು ನಿಮ್ಮೂರಿನ ಗುಜರಿಯವರನ್ನು ಹುಡುಕಿ, ಏನು ಒಯ್ಯುತ್ತೀರಿ, ಹೇಗಿದ್ದರೆ ಒಯ್ಯುತ್ತೀರಿ ಎಂದು ಕೇಳಿ. ಕೇಳಿದ್ದನ್ನು ಮಕ್ಕಳಿಗೆ ಮಾತಿನಲ್ಲಿ ಹೇಳಿದರೆ ಸಾಲದು, ವಸ್ತುವನ್ನೇ ಚೀಲಕ್ಕೆ ಕಟ್ಟಿ ತೋರಿಸಿ. ಪ್ಯಾಕೆಟ್ಟಿನ ನೀರು ಕೊಡವಲು, ಒಣಗಿಸಲು, ಊಟದ ಚೀಲ ಬೇರೆ ಇಡಲು ಕಲಿಸಿ. ಬೆಂಕಿ ಹಾಕುವವರ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲ ಸಲ ಕೆಟ್ಟರೆ ಇನ್ನೊಮ್ಮೆ ಆರಿಸಿ. ನಿಮ್ಮ ಮಗು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಉಸಿರಾಡುವುದು ಅಲ್ಲಿಯೇ.